ಸೆಲ್ಫ್ ತಿರುಗುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ: ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಪ್ರಕರಣ

ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 1.2 ಲೀಟರ್, ನಾಲ್ಕು ಸಿಲಿಂಡರ್, ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಇರುವ) ಎಂಜಿನ್. ಯಾವ ಕಂಪನಿ, ಯಾವ ಊರು, ಓನರ್ ಯಾರು ಅನ್ನೋದನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ತೊಂದರೆ ಯಾವ ಕಂಪನಿಯ ಗಾಡಿಗೂ ಬರಬಹುದು. ನಾನು ಆಟೋ ಎಲೆಕ್ಟ್ರಿಷಿಯನ್. ಎಂಜಿನ್ ಬಿಚ್ಚುವುದು ನನ್ನ ಕೆಲಸವಲ್ಲ, ವೈರಿಂಗ್ ನನ್ನದು. ಹಾಗಾಗಿ ನನ್ನ ಹತ್ತಿರ ಬರುವ ಗಾಡಿಗಳು ಸಾಮಾನ್ಯವಾಗಿ ಎರಡು ಮೂರು ಕಡೆ ಸುತ್ತಿ, ಖರ್ಚು ಮಾಡಿಸಿ, ಓನರ್‌ಗೆ ಬೇಸರ ತರಿಸಿದ ಮೇಲೆ ಬರುತ್ತವೆ. ಇದೂ ಹಾಗೇ ಬಂದದ್ದು.

ಓನರ್ ಮಲೆನಾಡಿನ ಒಂದು ತಾಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮನೆಗೂ ಆಸ್ಪತ್ರೆಗೂ ಅರ್ಧ ಗಂಟೆಯ ದಾರಿ, ನಡುವೆ ಒಂದು ಘಾಟಿ. ನೈಟ್ ಡ್ಯೂಟಿ ಇದ್ದಾಗ ಬಸ್ ಸಿಗುವುದಿಲ್ಲ ಅಂತಲೇ ಕಾರು ತಗೊಂಡಿದ್ದರು. ಆರ್‌ಸಿ ಪ್ರಕಾರ ಇವರು ಮೂರನೇ ಓನರ್. ಹಿಂದಿನವರು ಬೆಂಗಳೂರಿನಲ್ಲಿ ಗಾಡಿಯನ್ನು ಪರಿಚಯದವರಿಗೆ ಬಾಡಿಗೆಗೆ ಬಿಡುತ್ತಿದ್ದರಂತೆ. ಮಾರುವಾಗ ಇದನ್ನು ಮಾತಿಗೆ ಹೇಳಿದ್ದರು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕಡೆಗೆ ನಮಗೆ ಉತ್ತರ ಸಿಕ್ಕಿದ್ದು ಆ ಮಾತಿನಲ್ಲೇ.

ತೊಂದರೆ ಏನಿತ್ತು

ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿ ಹೊಡೆಯುತ್ತೆ. ಎಂಜಿನ್ ತಿರುಗುವ ವೇಗದಲ್ಲಿ ಏನೂ ಕಮ್ಮಿ ಇಲ್ಲ. ಆದರೆ ಹತ್ತಿಕೊಳ್ಳುವುದಿಲ್ಲ. ಅರ್ಧ ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಒಂದೇ ಸಲಕ್ಕೆ ಸ್ಟಾರ್ಟ್. ಬೆಳಗ್ಗೆ ಮನೆಯಿಂದ ಹೊರಡುವಾಗ ಒಮ್ಮೆಯೂ ತೊಂದರೆ ಕೊಟ್ಟಿಲ್ಲ. ಆಸ್ಪತ್ರೆಗೆ ಬರುವ ದಾರಿಯಲ್ಲಿ ಅಂಗಡಿ ಮುಂದೆ ಹತ್ತು ನಿಮಿಷ ನಿಲ್ಲಿಸಿದರೆ, ಇಲ್ಲವೇ ಪೆಟ್ರೋಲ್ ಹಾಕಿಸಿ ಮತ್ತೆ ಹೊರಟರೆ, ಆಗ ಕೈ ಕೊಡುತ್ತಿತ್ತು. ಅದೂ ಪ್ರತಿ ಸಲ ಅಲ್ಲ.

ಇಂಥ ತೊಂದರೆಯೇ ಎಲ್ಲಕ್ಕಿಂತ ಕಷ್ಟದ್ದು. ಪೂರ್ತಿ ಸತ್ತ ಗಾಡಿಯನ್ನು ಯಾರಾದರೂ ಹುಡುಕಿ ಸರಿ ಮಾಡುತ್ತಾರೆ. ಬಂದು ಹೋಗುವ ರೋಗ ಮೆಕ್ಯಾನಿಕ್ ಮುಂದೆ ಮಾತ್ರ ಬರುವುದಿಲ್ಲ.

ಅದಕ್ಕೆ ಮೊದಲು ಆದದ್ದು

ಮೊದಲ ಗ್ಯಾರೇಜ್‌ನಲ್ಲಿ ಬ್ಯಾಟರಿ ನೋಡಿದರು, ಸರಿ ಇತ್ತು. ಪ್ಲಗ್ ನಾಲ್ಕೂ ಬದಲಾಯಿಸಿ, ಥ್ರಾಟಲ್ ಬಾಡಿ ಕ್ಲೀನ್ ಮಾಡಿ ಕಳಿಸಿದರು. ಒಂದು ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ.

ಎರಡನೇ ಗ್ಯಾರೇಜ್‌ನವರು ಎಂಜಿನ್ ತಿರುಗುತ್ತಿದೆ ಅಂತ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಬದಲಾಯಿಸಿದರು. ಇದು ಸುಮ್ನೆ ಮಾಡಿದ ಕೆಲಸವಲ್ಲ. ಎಂಜಿನ್ ಬಿಸಿಯಾದಾಗ ಸ್ಟಾರ್ಟ್ ಆಗದೆ, ತಣ್ಣಗಾದ ಮೇಲೆ ಆಗುತ್ತದೆ ಅಂದರೆ ಅನುಭವ ಇದ್ದವರ ತಲೆಗೆ ಮೊದಲು ಬರುವುದೇ ಕ್ರ್ಯಾಂಕ್ ಸೆನ್ಸರ್. ಅದರೊಳಗಿನ ಸುರುಳಿಯ ತಂತಿ ಬಿಸಿಗೆ ಬಿಟ್ಟುಕೊಂಡು, ತಣಿದ ಮೇಲೆ ಮತ್ತೆ ಕೂಡಿಕೊಳ್ಳುವುದುಂಟು. ಕ್ರ್ಯಾಂಕ್ ತಿರುಗುತ್ತಿದೆ ಅನ್ನುವ ಸಿಗ್ನಲ್ ಬರದಿದ್ದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಸ್ಪಾರ್ಕನ್ನೂ ಕೊಡುವುದಿಲ್ಲ, ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪನ್ನೂ ಓಡಿಸುವುದಿಲ್ಲ. ಲಕ್ಷಣ ಸರಿಯಾಗಿ ಹೊಂದುತ್ತಿತ್ತು. ಆದರೆ ಗಾಡಿ ಸ್ಟಾರ್ಟ್ ಆಗದೆ ನಿಂತಿರುವಾಗ ಸೆನ್ಸರ್ ಸಿಗ್ನಲ್ ಇದೆಯೋ ಇಲ್ಲವೋ ಅನ್ನೋದನ್ನು ಯಾರೂ ನೋಡಿರಲಿಲ್ಲ.

ಮೂರನೇ ಕಡೆ ಪಂಪ್‌ಗೆ ಕೈ ಹಾಕಿದರು. ಅವರು ಹಿಂದಿನ ಸೀಟ್ ಎತ್ತಿ, ಪಂಪಿನ ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರ್ ಇಟ್ಟು ಕೀ ಆನ್ ಮಾಡಿದ್ದರು. 12 ವೋಲ್ಟ್ ಚೆನ್ನಾಗಿ ಬಂತು. "ಕರೆಂಟ್ ಸರಿಯಾಗಿ ಬರ್ತಿದೆ, ಹಾಗಾದ್ರೆ ಪಂಪೇ ಹೋಗಿದೆ" ಅಂತ ತೀರ್ಮಾನ ಮಾಡಿ ಹೊಸ ಪಂಪ್ ಅಸೆಂಬ್ಲಿ ಹಾಕಿದರು. ಎರಡು ವಾರ ಗಾಡಿ ಒಂದು ಮಾತೂ ಆಡಲಿಲ್ಲ. ಎಲ್ಲರೂ ನಿಟ್ಟುಸಿರು ಬಿಟ್ಟರು. ಆಮೇಲೊಂದು ರಾತ್ರಿ ಪೆಟ್ರೋಲ್ ಬಂಕ್‌ನಲ್ಲಿ ಮತ್ತೆ ನಿಂತಿತು.

ಪರಿಚಯದವರೊಬ್ಬರು ಇದೆಲ್ಲ ಎಥನಾಲ್ ಪೆಟ್ರೋಲಿನ ಕಾಟ ಅಂದರು. ಎಥನಾಲ್ ನೀರನ್ನು ಎಳೆದುಕೊಳ್ಳುವುದು ನಿಜ, ಜಾಸ್ತಿ ದಿನ ನಿಂತ ಗಾಡಿಯ ಟ್ಯಾಂಕಿನಲ್ಲಿ ತೊಂದರೆ ಆಗುವುದೂ ನಿಜ. ಆದರೆ ಇದು ದಿನಾ ಓಡುವ ಗಾಡಿ. ನಾನು ಆಮೇಲೆ ಲೈನಿನಿಂದ ಸ್ವಲ್ಪ ಪೆಟ್ರೋಲ್ ಗಾಜಿನ ಬಾಟಲಿಗೆ ಹಿಡಿದು ಅಲುಗಾಡಿಸದೆ ಇಟ್ಟು ನೋಡಿದೆ. ತಳದಲ್ಲಿ ನೀರಿನ ಪದರ ಕಟ್ಟಲಿಲ್ಲ. ಆ ಅನುಮಾನ ಅಲ್ಲಿಗೇ ಮುಗಿಯಿತು.

ಏನನ್ನೂ ಬದಲಾಯಿಸುವುದಿಲ್ಲ ಅನ್ನುವ ತೀರ್ಮಾನ

ಗಾಡಿ ನನ್ನ ಹತ್ತಿರ ಬಂದಾಗ ಓಡಿಸಿಕೊಂಡೇ ಬಂದರು. ಅಂದರೆ ರೋಗ ಇಲ್ಲದ ಹೊತ್ತಿನಲ್ಲಿ.

"ಅಣ್ಣಾ, ಗ್ಯಾರೇಜಿಗೆ ತಂದ್ರೆ ಸರಿಯಾಗೇ ಇರುತ್ತೆ. ಆಸ್ಪತ್ರೆ ಹತ್ರ, ರಾತ್ರಿ ಹೊತ್ತು, ಆವಾಗಲೇ ಕೈ ಕೊಡುತ್ತೆ" ಅಂದರು.

"ಸಿಸ್ಟರ್, ಈ ಸಲ ಏನೂ ಬದಲಾಯಿಸೋದು ಬೇಡ. ಅದು ಕೆಟ್ಟಿರೋವಾಗಲೇ ಹಿಡಿಯೋಣ" ಅಂದೆ.

ಸ್ಕ್ಯಾನರ್ ಹಾಕಿ ನೋಡಿದೆ. ಒಂದು ಫಾಲ್ಟ್ ಕೋಡ್ ಕೂಡ ಇರಲಿಲ್ಲ. ಕ್ರ್ಯಾಂಕ್ ಸೆನ್ಸರ್ ಲೈನ್ ಕೆಟ್ಟಿದ್ದರೆ ಬಹುತೇಕ ಪಿ0335 ಥರದ ಕೋಡ್ ಉಳಿದಿರುತ್ತದೆ. ಅದೂ ಇಲ್ಲ. ಇಮೊಬಿಲೈಸರ್ (ಬೇರೆ ಕೀ ಹಾಕಿದರೆ ಸ್ಟಾರ್ಟ್ ಆಗಲು ಬಿಡದ ವ್ಯವಸ್ಥೆ) ದೀಪ ಕೀ ಆನ್ ಮಾಡಿದಾಗ ಹತ್ತಿ ಆರುತ್ತಿತ್ತು, ಮಿನುಗುತ್ತಿರಲಿಲ್ಲ. ಗಾಡಿ ನಿಂತಾಗಲೂ ಆ ದೀಪ ಹಾಗೇ ಇರುತ್ತದಾ ಅಂತ ಕೇಳಿದೆ. ಹೌದು, ಅದನ್ನು ನೋಡಿದ್ದೇನೆ ಅಂದರು. ಕೀಯೊಳಗಿನ ಚಿಪ್ಪಿನ ಅನುಮಾನ ಬಹುಪಾಲು ಕಡಿಮೆಯಾಯಿತು.

ಕೋಡ್ ಇಲ್ಲ ಅಂದ ತಕ್ಷಣ ಎಷ್ಟೋ ಜನ ಎಲೆಕ್ಟ್ರಿಕಲ್ ಸರಿಯಿದೆ ಅಂದುಕೊಳ್ಳುತ್ತಾರೆ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್. ಇಂಥ ಗಾಡಿಗಳಲ್ಲಿ ಇಸಿಯು ನೋಡಿಕೊಳ್ಳುವುದು ಪಂಪ್ ರಿಲೇಯ ಕಾಯಿಲ್ ಕಡೆಯನ್ನು, ಅಂದರೆ ಆ ಸಣ್ಣ ಕರೆಂಟಿನ ಕಡೆಯನ್ನು ಮಾತ್ರ. ರಿಲೇ ದಾಟಿ ಪಂಪಿಗೆ ಹೋಗುವ ದಪ್ಪ ವೈರಿನಲ್ಲಿ ಎಷ್ಟು ವೋಲ್ಟ್ ತಲುಪಿತು ಅನ್ನೋದು ಅದಕ್ಕೆ ಕಾಣುವುದೇ ಇಲ್ಲ. ಕಾಣದ್ದಕ್ಕೆ ಅದು ಕೋಡ್ ಹಾಕುವುದು ಹೇಗೆ?

ಆಮೇಲೆ ಸಿಸ್ಟರ್‌ಗೆ ಎರಡು ಕೆಲಸ ಹೇಳಿದೆ. ಮೊದಲನೆಯದು, ಬೆಳಗ್ಗೆ ಗಾಡಿ ಸರಿ ಇರುವಾಗ ಸೆಲ್ಫ್ ಹೊಡೆಯದೆ ಕೀ ಆನ್ ಮಾತ್ರ ಮಾಡಿ, ಹಿಂದಿನ ಸೀಟಿನ ಮೇಲೆ ಫೋನ್ ಇಟ್ಟು ಆ ಎರಡು ಮೂರು ಸೆಕೆಂಡಿನ "ಜುಂಯ್" ಶಬ್ದ ರೆಕಾರ್ಡ್ ಮಾಡಿ. ಅದು ಪಂಪ್ ಲೈನಿಗೆ ಪ್ರೆಶರ್ ತುಂಬುವ ಶಬ್ದ. ಗಾಡಿ ನಿಂತಾಗಲೂ ಹಾಗೇ ರೆಕಾರ್ಡ್ ಮಾಡಿ. ಎರಡನೆಯದು, ನಿಂತಾಗ ಸೆಲ್ಫ್ ಹೊಡೆದು ಬ್ಯಾಟರಿ ಇಳಿಸಬೇಡಿ. ಕೀ ಆನ್ ಮಾಡಿ, ಶಬ್ದ ನಿಲ್ಲುವ ತನಕ ಕಾದು, ಆಫ್ ಮಾಡಿ. ಹೀಗೆ ನಾಲ್ಕೈದು ಸಲ ಮಾಡಿದ ಮೇಲೆ ಸೆಲ್ಫ್ ಹೊಡೆದು ನೋಡಿ.

ನರ್ಸ್ ಕೆಲಸದವರಲ್ವಾ, ಗಮನಿಸಿ ಬರೆದಿಡುವುದು ಅವರಿಗೆ ರೂಢಿ. ಕೆಲವೇ ದಿನಗಳಲ್ಲಿ ವಾಟ್ಸಾಪ್‌ಗೆ ಎರಡು ಆಡಿಯೋ ಬಂದವು. ಜೊತೆಗೆ ಸಮಯ, ಎಷ್ಟು ಹೊತ್ತು ಓಡಿಸಿದ್ದೆ, ಎಷ್ಟು ಹೊತ್ತು ನಿಲ್ಲಿಸಿದ್ದೆ, ಬಿಸಿಲಿತ್ತೋ ಇಲ್ಲವೋ ಎಲ್ಲ ಬರೆದಿದ್ದರು. ಬೆಳಗಿನ ಆಡಿಯೋದಲ್ಲಿ ಶಬ್ದ ಚೂಪಾಗಿ ಏರಿ, ಪ್ರೆಶರ್ ತುಂಬುತ್ತಿದ್ದ ಹಾಗೆ ಸ್ವಲ್ಪ ಬಿಗಿಯಾಗಿ ನಿಲ್ಲುತ್ತಿತ್ತು. ನಿಂತಾಗಿನದರಲ್ಲಿ ಶಬ್ದ ಇತ್ತು, ಆದರೆ ಮಂದ. ಎಳೆದೆಳೆದು ಓಡುತ್ತಿದ್ದ ಹಾಗೆ. ಹಿಂದಿನವರೆಲ್ಲ "ಪಂಪ್ ಶಬ್ದ ಬರುತ್ತಾ?" ಅಂತ ಕೇಳಿದ್ದರು, ಇವರು "ಬರುತ್ತೆ" ಅಂದಿದ್ದರು. ಎರಡೂ ನಿಜ. ಯಾವ ಥರದ ಶಬ್ದ ಅಂತ ಯಾರೂ ಕೇಳಿರಲಿಲ್ಲ.

ಅದಕ್ಕಿಂತ ದೊಡ್ಡ ಸುಳಿವು ಇನ್ನೊಂದು. ಕೀ ಐದು ಸಲ ಆನ್ ಆಫ್ ಮಾಡಿದ ಮೇಲೆ ಸೆಲ್ಫ್ ಹೊಡೆದಾಗ ಗಾಡಿ ಸ್ಟಾರ್ಟ್ ಆಗಿತ್ತು.

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಕ್ರ್ಯಾಂಕ್ ಸೆನ್ಸರ್ ಕೆಟ್ಟಿದ್ದರೆ ಕೀ ಎಷ್ಟು ಸಲ ಆನ್ ಆಫ್ ಮಾಡಿದರೂ ಏನೂ ಬದಲಾಗುವುದಿಲ್ಲ. ಇಗ್ನಿಷನ್ ಕಾಯಿಲ್ ಕೆಟ್ಟಿದ್ದರೂ ಅಷ್ಟೇ. ಕೀ ಆನ್ ಮಾಡಿದ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಏರುವುದು ಲೈನಿನಲ್ಲಿರುವ ಪೆಟ್ರೋಲ್ ಪ್ರೆಶರ್ ಒಂದೇ. ಹಾಗಾಗಿ ಸ್ಪಾರ್ಕ್ ಇದೆ, ಸಿಗ್ನಲ್ ಇದೆ, ಪೆಟ್ರೋಲ್ ಮಾತ್ರ ಸಾಲುತ್ತಿಲ್ಲ. ಹೊಸ ಪಂಪ್ ಹಾಕಿಯೂ ಸಾಲುತ್ತಿಲ್ಲ ಅಂದರೆ ನೋಡಬೇಕಾದ್ದು ಪಂಪನ್ನಲ್ಲ, ಪಂಪಿಗೆ ಬರುವುದನ್ನು.

ಇನ್ನೊಂದು ಮಾತನ್ನು ಅವರು ಹೇಳಲೇ ಇಲ್ಲ, ನಾನೇ ಕೇಳಿದ್ದು. "ಘಾಟಿ ಏರುವಾಗ ಎಳೆಯುತ್ತಾ?" ಅಂದೆ. "ಇತ್ತೀಚೆಗೆ ಎಳೆಯಲ್ಲ ಅಣ್ಣಾ. ಎಸಿ ಹಾಕಿರ್ತೀನಲ್ಲ, ಅದಕ್ಕೇ ಅಂದುಕೊಂಡೆ." ಸ್ಟಾರ್ಟಿಂಗ್ ತೊಂದರೆಗೂ ಪಿಕಪ್ ತೊಂದರೆಗೂ ಸಂಬಂಧ ಇರಬಹುದು ಅಂತ ಓನರ್‌ಗೆ ಹೊಳೆಯಬೇಕಾಗಿಲ್ಲ. ಕೇಳಬೇಕಾದವರು ನಾವು.

ಅಳತೆ

ಗಾಡಿಯನ್ನು ನನ್ನ ಹತ್ತಿರವೇ ಬಿಟ್ಟು ಹೋಗಿ ಅಂದೆ. ಪೆಟ್ರೋಲ್ ಲೈನಿಗೆ ಕೈ ಹಾಕುವ ಮೊದಲು ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ಆರುವ ತನಕ ಓಡಿಸಿ ಪ್ರೆಶರ್ ಇಳಿಸಿದೆ. ಆಮೇಲೆ ಬ್ಯಾಟರಿಯ ಅರ್ತ್ ತೆಗೆದೆ. ಫೈರ್ ಎಕ್ಸ್‌ಟಿಂಗ್ವಿಷರ್ ಪಕ್ಕದಲ್ಲೇ ಇಟ್ಟುಕೊಂಡೆ. ಇಷ್ಟನ್ನು ಬಿಟ್ಟು ಯಾರೂ ಈ ಕೆಲಸ ಮಾಡಬಾರದು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿದರೆ ಒಂದು ಕಿಡಿ ಸಾಕು.

ಇಂಜೆಕ್ಟರ್ ರೈಲಿಗೆ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ) ಹೋಗುವ ಪೈಪಿನಲ್ಲಿ ಟಿ ಜಾಯಿಂಟ್ ಹಾಕಿ ಪ್ರೆಶರ್ ಗೇಜ್ ಕೂರಿಸಿದೆ. ಪಂಪಿನ ಕನೆಕ್ಟರನ್ನು ಬಿಚ್ಚದೆ, ಅದರ ಹಿಂಬದಿಯಿಂದ ಎರಡು ತೆಳು ಪಿನ್ ತೂರಿಸಿ, ವೈರ್ ಎಳೆದು ಮಲ್ಟಿಮೀಟರನ್ನು ಮುಂದಿನ ಸೀಟಿಗೆ ತಂದೆ. ಕನೆಕ್ಟರ್ ಬಿಚ್ಚದೆ ಅನ್ನುವುದು ಇಲ್ಲಿ ಮುಖ್ಯ. ಪಂಪ್ ಓಡುತ್ತಿರುವಾಗಲೇ ಅದಕ್ಕೆ ಎಷ್ಟು ವೋಲ್ಟ್ ಸಿಗುತ್ತಿದೆ ಅಂತ ನೋಡಬೇಕಿತ್ತು.

ಮೊದಲು ತಣ್ಣಗಿದ್ದಾಗ ನೋಡಿದೆ. ಕೀ ಆನ್ ಮಾಡಿದರೆ ಪ್ರೆಶರ್ ಎರಡು ಸೆಕೆಂಡಿನಲ್ಲಿ 3 ಬಾರ್. ಈ ಥರದ ಎಂಜಿನ್‌ಗಳಿಗೆ ಸಾಮಾನ್ಯವಾಗಿ 3ರಿಂದ 4 ಬಾರ್ ಬೇಕು. ಪಂಪಿನಲ್ಲಿ 11.2 ವೋಲ್ಟ್. ಬ್ಯಾಟರಿಯಲ್ಲಿ 12.4 ಇತ್ತು. ಗಾಡಿ ಸ್ಟಾರ್ಟ್ ಆಗುತ್ತಿತ್ತು, ಆದರೆ ಒಂದು ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಒಳ್ಳೆಯ ವೈರಿಂಗ್‌ನಲ್ಲಿ ಅರ್ಧ ವೋಲ್ಟ್ ಕೂಡ ಹೋಗಬಾರದು.

ಮಧ್ಯಾಹ್ನ ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದೆ. ಗಾಡಿಯ ಒಳಗೆಲ್ಲ ಕಾದ ಮೇಲೆ ಗೇಜಿನ ಜಾಯಿಂಟ್ ತೆಗೆದು, ಲೈನ್ ಸರಿಯಾಗಿ ಕೂರಿಸಿ, ಘಾಟಿ ಕಡೆ ಒಂದು ಸುತ್ತು ಹೊಡೆದೆ. ಬಾನೆಟ್ ಒಳಗೆ ಗೇಜ್ ನೇತುಹಾಕಿಕೊಂಡು ರಸ್ತೆಗೆ ಇಳಿಯುವುದು ಅಪಾಯ. ವೋಲ್ಟ್ ಮೀಟರ್ ಮಾತ್ರ ಸೀಟಿನ ಮೇಲಿತ್ತು. ಏರಿನಲ್ಲಿ ಆಲ್ಟರ್ನೇಟರ್ 14 ವೋಲ್ಟ್ ಕೊಡುತ್ತಿದ್ದರೂ ಪಂಪಿಗೆ 10 ಕೂಡ ಸಿಗುತ್ತಿರಲಿಲ್ಲ. ಘಾಟಿಯಲ್ಲಿ ಎಳೆಯದಿರುವುದಕ್ಕೆ ಕಾರಣ ಕಣ್ಣೆದುರೇ ಇತ್ತು.

ವಾಪಸ್ ಬಂದು ಹತ್ತು ನಿಮಿಷ ಆಫ್ ಮಾಡಿದೆ. ಮತ್ತೆ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯಿತು, ಸ್ಟಾರ್ಟ್ ಆಗಲಿಲ್ಲ. ಇಷ್ಟು ಖುಷಿಯಿಂದ ನಾನು ಸ್ಟಾರ್ಟ್ ಆಗದ ಗಾಡಿಯನ್ನು ನೋಡಿದ್ದು ಕಡಿಮೆ. ಸ್ಕ್ಯಾನರ್‌ನಲ್ಲಿ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ 230ರ ಸುತ್ತ ತೋರಿಸುತ್ತಿತ್ತು. ಆ ಅಂಕಿ ಬರುವುದೇ ಕ್ರ್ಯಾಂಕ್ ಸೆನ್ಸರ್ ಸಿಗ್ನಲ್ಲಿನಿಂದ, ಅಲ್ಲಿಗೆ ಕ್ರ್ಯಾಂಕ್ ಸೆನ್ಸರ್ ಕಥೆ ಪೂರ್ತಿ ಮುಗಿಯಿತು. ಸ್ಪಾರ್ಕ್ ಟೆಸ್ಟರ್‌ನಲ್ಲಿ ಕಿಡಿ ನೀಲಿಯಾಗಿ ಹಾರುತ್ತಿತ್ತು. ಕೀ ಆನ್‌ನಲ್ಲಿ ಪಂಪಿನ ವೋಲ್ಟ್ 7.2. ಸೆಲ್ಫ್ ಹೊಡೆಯುವಾಗ ಬ್ಯಾಟರಿ 10.6ಕ್ಕೆ ಇಳಿಯುತ್ತಿತ್ತು, ಅದು ಸರಿಯೇ. ಆದರೆ ಪಂಪಿಗೆ ಆಗ 6 ವೋಲ್ಟ್ ಮಾತ್ರ. ಅವಸರದಲ್ಲಿ, ಆದರೆ ಎಚ್ಚರಿಕೆ ಬಿಡದೆ, ಗೇಜ್ ಮತ್ತೆ ಕೂರಿಸಿದೆ. ಕೀ ಆನ್‌ನಲ್ಲಿ ಪ್ರೆಶರ್ 1.3 ಬಾರ್ ದಾಟಲಿಲ್ಲ. ಅಷ್ಟು ಕಡಿಮೆ ಪ್ರೆಶರ್‌ನಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ಸಣ್ಣ ಹನಿಯಾಗಿ ಸಿಂಪಡಿಸುವುದಿಲ್ಲ, ಸುಮ್ನೆ ತೊಟ್ಟಿಕ್ಕಿಸುತ್ತದೆ. ಕಾದ ರೈಲಿನಲ್ಲಿ ಪೆಟ್ರೋಲ್ ಆವಿಯಾಗುವುದೂ ಸೇರಿಕೊಳ್ಳುತ್ತದೆ.

ಮುಂದಿನದು ಬರೀ ಲೆಕ್ಕ. ಪಂಪಿನ ಅರ್ತ್ ಕಡೆ ಇಳಿತ 0.1 ವೋಲ್ಟ್, ಸರಿ ಇದೆ. ಫ್ಯೂಸ್ ಬಾಕ್ಸ್‌ನಲ್ಲಿ ಪಂಪ್ ರಿಲೇ ದಾಟಿದ ಪಿನ್‌ನಲ್ಲಿ 12.1 ವೋಲ್ಟ್, ಸರಿ ಇದೆ. ಹಾಗಾದರೆ ಫ್ಯೂಸ್ ಬಾಕ್ಸಿನಿಂದ ಹಿಂದಿನ ಸೀಟಿನ ತನಕ ಹೋಗುವ ಒಂದೇ ಒಂದು ವೈರಿನಲ್ಲಿ ಸುಮಾರು 5 ವೋಲ್ಟ್ ಕಾಣೆ.

ಪ್ಯಾನಲ್ ಹಿಂದೆ ಸಿಕ್ಕಿದ್ದು

ಕಂಪನಿಯವರು ಆ ವೈರಿನಲ್ಲಿ ಮಧ್ಯೆ ಜಾಯಿಂಟ್ ಕೊಟ್ಟಿರುವುದು ಎರಡೇ ಕಡೆ. ಎರಡೂ ಚೊಕ್ಕವಾಗಿದ್ದವು. ಆಗ ನೆನಪಾದದ್ದು ಬಾಡಿಗೆಗೆ ಬಿಡುತ್ತಿದ್ದರು ಅನ್ನುವ ಮಾತು. ಬಾಡಿಗೆ ಗಾಡಿ ಅಂದರೆ ಜಿಪಿಎಸ್. ಅದರ ಜೊತೆಗೆ ಎಷ್ಟೋ ಸಲ ಫೋನಿನಿಂದಲೇ ಎಂಜಿನ್ ಆಫ್ ಮಾಡುವ ಕಟ್ ಆಫ್ ರಿಲೇ.

ಡ್ರೈವರ್ ಬಲಗಾಲಿನ ಪಕ್ಕದ ಪ್ಲಾಸ್ಟಿಕ್ ಪ್ಯಾನಲ್ ತೆಗೆದೆ. ವೈರಿನ ಕಟ್ಟಿಗೆ ಅಂಟಿಕೊಂಡು ಕಪ್ಪು ಟೇಪ್ ಸುತ್ತಿದ ಒಂದು ಗಂಟು. ಟೇಪ್ ಬಿಸಿಗೆ ಕರಗಿ ಬೆರಳಿಗೆ ಅಂಟುತ್ತಿತ್ತು. ಒಳಗೆ ಐದು ಪಿನ್ನಿನ ರಿಲೇ. ಜಿಪಿಎಸ್ ಡಬ್ಬಿ ಇಲ್ಲ, ಅದನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಅದಕ್ಕೆ ಹೋಗುತ್ತಿದ್ದ ಸಣ್ಣ ವೈರುಗಳ ತುದಿ ಹಾಗೇ ಕತ್ತರಿಸಿ ಬಿಟ್ಟಿದ್ದರು. ರಿಲೇಯ 87ಎ ಪಿನ್ ಕೂರುವ ಜಾಗದಲ್ಲಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು. ಒಳಗಿನ ಹಿತ್ತಾಳೆ ಕ್ಲಿಪ್ ಕಪ್ಪಾಗಿ ಬಾಯಿ ಬಿಟ್ಟುಕೊಂಡಿತ್ತು. ಪಂಪಿನ ವೈರನ್ನು ಕತ್ತರಿಸಿ, ರಿಲೇಯ ವೈರಿನ ಜೊತೆ ಕೈಯಲ್ಲಿ ಹೊಸೆದು ಟೇಪ್ ಸುತ್ತಿದ್ದರು, ಸೋಲ್ಡರ್ ಇಲ್ಲ. ತಾಮ್ರದ ಎಳೆಗಳು ಹಸಿರುಗಟ್ಟಿದ್ದವು.

ನನ್ನ ಹುಡುಗನಿಗೆ ಗೇಜ್ ನೋಡುತ್ತಿರು ಅಂದು, ಕೀ ಆನ್ ಮಾಡಿಸಿ, ರಿಲೇಯನ್ನು ಬೆರಳಿನಿಂದ ಒತ್ತಿದೆ. "ಅಣ್ಣಾ, ಮುಳ್ಳು ಮೇಲೆ ಹೋಯ್ತು" ಅಂತ ಕೂಗಿದ.

ಇಂಥ ಕಟ್ ಆಫ್ ರಿಲೇಯನ್ನು ಸಾಮಾನ್ಯವಾಗಿ 30 ಮತ್ತು 87ಎ ಪಿನ್‌ಗಳ ನಡುವೆ ಕೊಡುತ್ತಾರೆ. ರಿಲೇಗೆ ಕರೆಂಟ್ ಇಲ್ಲದಿದ್ದಾಗ ಈ ಎರಡು ಪಿನ್ ಕೂಡಿಕೊಂಡಿರುತ್ತವೆ. ಜಿಪಿಎಸ್ ಕೆಟ್ಟರೂ ಗಾಡಿ ನಿಲ್ಲಬಾರದು ಅನ್ನುವುದು ಉದ್ದೇಶ, ಒಳ್ಳೆಯದೇ. ಆದರೆ ಇದೇ ಕಾರಣಕ್ಕೆ ಜಿಪಿಎಸ್ ತೆಗೆದ ಮೇಲೂ ಗಾಡಿ ಓಡುತ್ತಲೇ ಇರುತ್ತದೆ. ಬಿಟ್ಟುಹೋದ ರಿಲೇ ಒಳಗೇ ಇದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪಂಪಿನ ಪೂರ್ತಿ ಕರೆಂಟ್ ವರ್ಷಗಟ್ಟಲೆ ಆ ಸಡಿಲ ಕ್ಲಿಪ್ಪಿನ ಮೂಲಕವೇ ಹೋಗುತ್ತದೆ.

ಬಿಸಿಗೂ ತಣಿವಿಗೂ ಇದ್ದ ಸಂಬಂಧವೂ ಇಲ್ಲೇ ಬಿಡಿಸಿಕೊಂಡಿತು. ಕ್ಲಾಂಪ್ ಮೀಟರ್‌ನಲ್ಲಿ ಪಂಪ್ ಆಗ ಎಳೆಯುತ್ತಿದ್ದದ್ದು ಸುಮಾರು 4 ಆಂಪ್. 5 ವೋಲ್ಟ್ ಇಳಿತ, 4 ಆಂಪ್. ಅಂದರೆ 20 ವ್ಯಾಟ್ ಬಿಸಿ ಆ ಒಂದು ಗಂಟಿನಲ್ಲಿ. ನಾನು ದಿನಾ ಬಳಸುವ ಸಣ್ಣ ಸೋಲ್ಡರಿಂಗ್ ಐರನ್ನೇ 25 ವ್ಯಾಟಿನದು. ಗಾಡಿ ಓಡಿದಷ್ಟು ಹೊತ್ತೂ ಕ್ಲಿಪ್ ಕಾಯುತ್ತದೆ, ಕಾದಂತೆ ಹಿಡಿತ ಬಿಡುತ್ತದೆ, ಹಿಡಿತ ಬಿಟ್ಟಂತೆ ಇನ್ನೂ ಕಾಯುತ್ತದೆ. ನಿಲ್ಲಿಸಿ ಮುಕ್ಕಾಲು ಗಂಟೆ ಬಿಟ್ಟರೆ ತಣಿದು ಮತ್ತೆ ಒಂದಿಷ್ಟು ಹಿಡಿದುಕೊಳ್ಳುತ್ತದೆ.

ಮೀಟರ್ 12 ತೋರಿಸಿದ್ದು ಯಾಕೆ

ಈ ಪ್ರಕರಣದಲ್ಲಿ ಎಲ್ಲರೂ ನೋಡಲೇಬೇಕಾದ ಜಾಗ ಇದು. ಮೂರನೇ ಗ್ಯಾರೇಜ್‌ನವರು ಮೀಟರ್ ಇಟ್ಟು ನೋಡಿದ್ದರು, 12 ವೋಲ್ಟ್ ಬಂದದ್ದೂ ನಿಜ. ಆದರೆ ಕನೆಕ್ಟರ್ ಬಿಚ್ಚಿ ನೋಡಿದ್ದರು. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅದರ ಒಳಗಿನ ತಡೆ ಸಾಮಾನ್ಯವಾಗಿ 1 ಕೋಟಿ ಓಮ್. ಕರೆಂಟೇ ಹರಿಯದಿದ್ದರೆ ಕೆಟ್ಟ ಜಾಯಿಂಟಿನಲ್ಲಿ ವೋಲ್ಟ್ ಇಳಿಯುವುದೂ ಇಲ್ಲ. ಒಂದೇ ಒಂದು ಎಳೆ ತಾಮ್ರ ತಾಗಿಕೊಂಡಿದ್ದರೂ ಮೀಟರ್ ಪೂರ್ತಿ 12 ತೋರಿಸುತ್ತದೆ.

ಇದನ್ನು ಕಣ್ಣಾರೆ ತೋರಿಸಲು ಹಳೆಯ ಹೆಡ್‌ಲೈಟ್ ಬಲ್ಬ್ ಸಾಕು. 55 ವ್ಯಾಟಿನ ಬಲ್ಬ್ 12 ವೋಲ್ಟಿಗೆ ನಾಲ್ಕೂವರೆ ಆಂಪ್ ಎಳೆಯುತ್ತದೆ, ಹೆಚ್ಚುಕಮ್ಮಿ ಪೆಟ್ರೋಲ್ ಪಂಪಿನಷ್ಟೇ. ಪಂಪಿನ ಕನೆಕ್ಟರ್ ಬಿಚ್ಚಿ, ಉದ್ದ ವೈರಿನಲ್ಲಿ ಬಲ್ಬನ್ನು ಗಾಡಿಯಿಂದ ಹೊರಗೆ ದೂರ ಇಟ್ಟೆ. ಟ್ಯಾಂಕಿನ ಹತ್ತಿರ ಬಿಸಿ ಬಲ್ಬ್ ತರಲೇಬಾರದು. ಕಟ್ ಆಫ್ ರಿಲೇಯನ್ನು ಹಾಗೇ ಬಿಟ್ಟು, ಫ್ಯೂಸ್ ಬಾಕ್ಸಿನಲ್ಲಿರುವ ಕಂಪನಿ ಪಂಪ್ ರಿಲೇಯ ಸಾಕೆಟ್‌ನಲ್ಲಿ ಫ್ಯೂಸ್ ಇರುವ ಜಂಪರ್ ವೈರ್ ಹಾಕಿದೆ. ಬಲ್ಬ್ ಹಳದಿಯಾಗಿ ಮಂಕಾಗಿ ಉರಿಯಿತು, ಅದರ ಮೇಲೆ 8 ವೋಲ್ಟಿನ ಸುತ್ತ. ಬಲ್ಬ್ ತೆಗೆದು ಬರೀ ಮೀಟರ್ ಇಟ್ಟರೆ ಅದೇ ಪಿನ್‌ನಲ್ಲಿ 12.3.

ಹೊಸ ಪಂಪ್ ಹಾಕಿದ ಮೇಲೆ ಎರಡು ವಾರ ಸರಿಯಿದ್ದದ್ದು ಹೇಗೆ? ಪಂಪ್ ಹಾಕುವಾಗ ಸೀಟ್ ಎತ್ತಿ, ಕಾರ್ಪೆಟ್ ಸರಿಸಿ, ವೈರಿನ ಕಟ್ಟನ್ನು ಎಳೆದಾಡಿದ್ದರು. ಅದೇ ಕಟ್ಟಿನ ಇನ್ನೊಂದು ತುದಿಯಲ್ಲಿದ್ದ ಕ್ಲಿಪ್ ಅಲುಗಾಡಿ ಬೇರೆ ಜಾಗದಲ್ಲಿ ಹಿಡಿದುಕೊಂಡಿರಬೇಕು. ಆ ದಿನಗಳಲ್ಲಿ ಮೋಡವೂ ಇತ್ತು ಅಂತ ಸಿಸ್ಟರ್ ಬರೆದಿಟ್ಟದ್ದರಿಂದ ಗೊತ್ತಾಯಿತು. ಬಂದು ಹೋಗುವ ತೊಂದರೆಯಲ್ಲಿ ಏನನ್ನು ಬದಲಾಯಿಸಿದರೂ ಸ್ವಲ್ಪ ದಿನ ವಾಸಿಯಾದ ಹಾಗೆ ಕಾಣುತ್ತದೆ. ಆ ಸ್ವಲ್ಪ ದಿನವೇ ಎಷ್ಟೋ ಒಳ್ಳೆಯ ಮೆಕ್ಯಾನಿಕ್‌ಗಳ ದಾರಿ ತಪ್ಪಿಸುತ್ತದೆ.

ಕತ್ತರಿಸುವ ಮೊದಲು

ರಿಲೇ ಸಿಕ್ಕಿದ ಕೂಡಲೇ ಕಿತ್ತು ಎಸೆಯಲಿಲ್ಲ. ಸಾಲದ ಗಾಡಿಗಳಿಗೆ ಸಾಲ ಕೊಟ್ಟವರೇ ಇಂಥದ್ದನ್ನು ಹಾಕಿಸಿರುವುದುಂಟು. ಸಾಲ ಬಾಕಿ ಇರುವಾಗ ನಾವು ತೆಗೆದರೆ ಓನರ್‌ಗೂ ನಮಗೂ ತಕರಾರು. ಸಿಸ್ಟರ್‌ಗೆ ಫೋನ್ ಮಾಡಿ ಆರ್‌ಸಿ ತರಿಸಿದೆ. ಹೈಪಾಥಿಕೇಶನ್, ಅಂದರೆ ಸಾಲಕ್ಕೆ ಗಾಡಿ ಅಡವಿದೆ ಅನ್ನುವ ನಮೂದು, ಇರಲಿಲ್ಲ. ಹಿಂದಿನ ಸಾಲ ತೀರಿ, ಫಾರಂ 35 ಕೊಟ್ಟು ಅದನ್ನು ತೆಗೆಸಿದ ಕಾಗದ ಗಾಡಿ ಕೊಂಡಾಗಲೇ ಬಂದಿತ್ತು. ಅವರ ಒಪ್ಪಿಗೆ ತಗೊಂಡೆ.

ಇನ್ನೂ ಒಂದು ಕೆಲಸ ಮಾಡಿದೆ. ರಿಲೇಯನ್ನು ಬಿಟ್ಟು ಎರಡು ವೈರ್ ನೇರ ಕೂಡಿಸಿ ನೋಡಿದೆ, ಬಿಸಿ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್. ಮತ್ತೆ ರಿಲೇಯನ್ನು ಮೊದಲಿದ್ದ ಹಾಗೇ ಹಾಕಿ ಓಡಿಸಿ, ನಿಲ್ಲಿಸಿ ನೋಡಿದೆ, ಸ್ಟಾರ್ಟ್ ಆಗಲಿಲ್ಲ. ತೊಂದರೆಯನ್ನು ಬೇಕೆಂದಾಗ ತರಿಸಿ, ಬೇಕೆಂದಾಗ ಹೋಗಿಸಲು ಆಗುವ ತನಕ ಕಾರಣ ಸಿಕ್ಕಿದೆ ಅಂತ ನಾನು ಹೇಳುವುದಿಲ್ಲ. ಮೂರು ಸಲ ಖರ್ಚು ಮಾಡಿದವರಿಗೆ ನಾಲ್ಕನೇ ಸಲ ಅಂದಾಜಿನ ಮೇಲೆ ಬಿಲ್ ಕೊಡುವುದು ನ್ಯಾಯವಲ್ಲ.

ಆಮೇಲೆ ಹಾಳಾದ ಭಾಗವನ್ನೆಲ್ಲ ಕತ್ತರಿಸಿ, ಅದೇ ದಪ್ಪದ ಹೊಸ ವೈರ್ ತುಂಡು ಹಾಕಿ, ಕ್ರಿಂಪ್ ಮಾಡಿ, ಸೋಲ್ಡರ್ ಮಾಡಿ, ಹೀಟ್ ಶ್ರಿಂಕ್ (ಬಿಸಿಗೆ ಬಿಗಿದುಕೊಳ್ಳುವ ಪ್ಲಾಸ್ಟಿಕ್ ಕೊಳವೆ) ಏರಿಸಿ, ವೈರಿನ ಕಟ್ಟಿನ ಜೊತೆ ಸೇರಿಸಿ ಕಟ್ಟಿದೆ. ಜಿಪಿಎಸ್‌ನ ಬಿಡಿ ತುದಿಗಳನ್ನು ಅವು ಹೊರಟ ಜಾಗದ ತನಕ ಹಿಂಬಾಲಿಸಿ ತೆಗೆದೆ. ಅದರಲ್ಲೊಂದಕ್ಕೆ ಬ್ಯಾಟರಿ ಪಾಸಿಟಿವ್ ನೇರವಾಗಿ ಇತ್ತು, ಗಾಡಿಯ ಲೋಹದ ಮೈಗೆ ತಾಗಿದ್ದರೆ ಶಾರ್ಟ್ ಆಗುತ್ತಿತ್ತು. ಕಡೆಗೆ ಅಳೆದಾಗ ಪಂಪ್ ಓಡುವಾಗಿನ ಇಳಿತ 0.3 ವೋಲ್ಟ್. ಸಾಮಾನಿನ ಖರ್ಚು ನೂರು ರೂಪಾಯಿ ದಾಟಲಿಲ್ಲ, ಉಳಿದದ್ದು ಹುಡುಕಿದ ಕೂಲಿ. ಅದನ್ನು ಬಿಲ್ಲಿನಲ್ಲಿ ಹಾಗೇ ಬರೆದೆ, ಸಿಸ್ಟರ್ ಒಂದು ಮಾತೂ ಆಡದೆ ಕೊಟ್ಟರು. ಹುಡುಕುವುದಕ್ಕೆ ಕೂಲಿ ಕೇಳಲು ನಮ್ಮವರು ಸಂಕೋಚಪಟ್ಟುಕೊಳ್ಳುತ್ತಾರೆ. ಅದಕ್ಕೇ ಪಾರ್ಟ್ ಬದಲಾಯಿಸಿ ಅದರಲ್ಲಿ ದುಡ್ಡು ನೋಡುವ ಅಭ್ಯಾಸ ಬೆಳೆದಿದೆ. ಹಳೆಯ ಪಂಪ್ ಇನ್ನೂ ಅವರ ಡಿಕ್ಕಿಯಲ್ಲೇ ಇತ್ತು. ಅದು ಕೆಟ್ಟಿರಲಿಲ್ಲ ಅಂತಲೇ ನನಗೆ ಅನ್ನಿಸುತ್ತದೆ.

ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿದೆ. ಗಾಡಿ ನಿಂತಿಲ್ಲ, ಘಾಟಿಯಲ್ಲೂ ಎಳೆಯುತ್ತಿದೆ.

ಬೇರೆಯವರಿಗೆ ಇದರಿಂದ ಆಗುವ ಉಪಯೋಗ

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಮಾರುವವರನ್ನು ನೇರವಾಗಿ ಕೇಳಿ: ಜಿಪಿಎಸ್ ಹಾಕಿಸಿದ್ದಿರಾ, ರಿಮೋಟ್ ಲಾಕ್ ಹೊರಗೆ ಹಾಕಿಸಿದ್ದಾ, ಗ್ಯಾಸ್ ಕಿಟ್ ಇತ್ತಾ, ಬಾಡಿಗೆಗೆ ಓಡಿತ್ತಾ. ಈ ನಾಲ್ಕರಲ್ಲಿ ಯಾವುದಿದ್ದರೂ ಕಂಪನಿ ವೈರಿಂಗ್ ಎಲ್ಲೋ ಕತ್ತರಿಸಿರುವ ಸಾಧ್ಯತೆ ಇದೆ. ಗ್ಯಾಸ್ ಕಿಟ್ ತೆಗೆದ ಗಾಡಿಗಳಲ್ಲಿ ಇಂಜೆಕ್ಟರ್ ವೈರನ್ನೂ ಕತ್ತರಿಸಿ ಕೂಡಿಸಿರುತ್ತಾರೆ. ಇದ್ದರೆ ಗಾಡಿ ಬೇಡ ಅನ್ನಬೇಕಾಗಿಲ್ಲ, ಒಬ್ಬ ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿದರೆ ಸಾಕು.

ಗಾಡಿ ಕೈ ಕೊಟ್ಟಾಗ ಓನರ್ ಮಾಡಬಹುದಾದ ಕೆಲಸ ಕಡಿಮೆ, ಆದರೆ ಅದೇ ಅರ್ಧ ಉತ್ತರ. ಇಮೊಬಿಲೈಸರ್ ದೀಪ ಮಿನುಗುತ್ತಿದೆಯಾ ನೋಡಿ. ಪಂಪಿನ ಶಬ್ದ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ. ಕೀ ನಾಲ್ಕೈದು ಸಲ ಆನ್ ಆಫ್ ಮಾಡಿದ ಮೇಲೆ ಸ್ಟಾರ್ಟ್ ಆಗುತ್ತಾ ನೋಡಿ ಬರೆದಿಟ್ಟುಕೊಳ್ಳಿ. ಹತ್ತು ಸೆಕೆಂಡಿಗಿಂತ ಜಾಸ್ತಿ ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ, ಮೋಟರ್ ಸುಡುತ್ತದೆ.

ಮೂರನೇ ಗ್ಯಾರೇಜಿನ ಮೆಕ್ಯಾನಿಕ್ ನನಗೆ ಪರಿಚಯದವನೇ. ರಿಲೇ ನೋಡಲು ಬಂದ, ಬಲ್ಬಿನ ಪ್ರಯೋಗ ತಾನೇ ಮಾಡಿ ನೋಡಿದ, ಹೋಗುವಾಗ ಒಂದು ಹಳೆಯ ಬಲ್ಬ್ ಕೇಳಿ ತಗೊಂಡು ಹೋದ. ಕೆಲವು ತಿಂಗಳ ಮೇಲೆ ಫೋನ್ ಮಾಡಿ ಇನ್ನೊಂದು ಇಂಥದ್ದೇ ಗಾಡಿ ಬಂದಿದೆ ಅಂದ. ಬಲ್ಬ್ ಚೆನ್ನಾಗಿ ಉರೀತಿದೆ, ಪ್ರೆಶರ್ ಸರಿ ಇದೆ, ಆದ್ರೂ ಸ್ಟಾರ್ಟ್ ಆಗ್ತಿಲ್ಲ ಅಂದ. ಸೆಲ್ಫ್ ಹೊಡೆಯುವಾಗ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ಎಷ್ಟು ಬರ್ತಿದೆ ನೋಡು ಅಂದೆ. ಸೊನ್ನೆ ಅಂದ. ಆ ಗಾಡಿಗೆ ನಿಜವಾಗಿಯೂ ಕ್ರ್ಯಾಂಕ್ ಸೆನ್ಸರ್ ಹೋಗಿತ್ತು, ಬದಲಾಯಿಸಿ ಕಳಿಸಿದ.